ರಿಂಗಿನೊಳಗಿನ ಕುಂಕುಮ

ಪೀಣ್ಯದ ಆ ವರ್ಕ್‌ಶಾಪಿನಲ್ಲಿ ತಪ್ಪು ಮಾಡಿದವನು ನಾನು. ಶಿಕ್ಷೆ ಅನುಭವಿಸಿದವನು ಮುನಿರಾಜು. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆಯಲು ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬರೆಯುವಾಗ ಕೈ ನಡುಗುತ್ತಿದೆ ಎಂದರೆ ನೀವು ಅಯ್ಯೋ ಪಾಪ ಎನ್ನಬಹುದು — ಬೇಡ. ನಡುಗುತ್ತಿಲ್ಲ. ನನ್ನ ಕೈ ಯಾವತ್ತೂ ನಡುಗಿದ್ದಲ್ಲ, ಅದೇ ನನ್ನ ಜಂಬವಾಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ರಂಗನಾಥಯ್ಯನವರ ವರ್ಕ್‌ಶಾಪಿನಲ್ಲಿ ನಾನು ಇನ್ಸ್‌ಪೆಕ್ಟರ್. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ — ಉಕ್ಕನ್ನು ತಿರುಗಿಸಿ ಕೊರೆಯುವ ಲೇಥ್ ಮಷಿನಿನಲ್ಲಿ ಟರ್ನರುಗಳು ಮಾಡಿದ ತುಂಡುಗಳನ್ನು ಅಳತೆ ಮಾಡಿ, ಸರಿಯಿದ್ದರೆ ಸಹಿ ಹಾಕುವವನು. ಎಂಟು ಮಷಿನುಗಳ, ಶೀಟ್ ಹೊದಿಸಿದ ಶೆಡ್ಡು. ಅದರ ಮೂಲೆಯಲ್ಲಿ ಗಾಜಿನ ಪುಟ್ಟ ಕೋಣೆ ನನ್ನದು. ಇಡೀ ಶೆಡ್ಡಿನಲ್ಲಿ ಕೈಗೆ ಎಣ್ಣೆ ಮೆತ್ತಿಕೊಳ್ಳದವನು ನಾನೊಬ್ಬನೇ, ಎಲ್ಲರೂ ನನ್ನನ್ನು ಮೂರ್ತಿ ಸಾರ್ ಎನ್ನುತ್ತಿದ್ದರು.

ಮುನಿರಾಜು ನಮ್ಮ ಅತ್ಯಂತ ಒಳ್ಳೆಯ ಟರ್ನರ್. ದಾಸರಹಳ್ಳಿ ಕಡೆಯ ಒಕ್ಕಲು ಮನೆಯವನು. ನಮ್ಮ ವರ್ಕ್‌ಶಾಪ್ ನಿಂತಿದ್ದ ನೆಲ ಒಂದು ಕಾಲದಲ್ಲಿ ಅವರದೇ ರಾಗಿ ಹೊಲ. ಕೈಗಾರಿಕೆಗೆಂದು ಸರ್ಕಾರ ತೆಗೆದುಕೊಂಡಾಗ ಅವರಪ್ಪ ಒಪ್ಪದೆ ಕೋರ್ಟಿಗೆ ಹೋಗಿ ಸೋತಿದ್ದರು. ಮಗ ಅದೇ ನೆಲದ ಮೇಲೆ ಲೇಥ್ ಮುಂದೆ ನಿಂತಿದ್ದ. ಆ ಬಗ್ಗೆ ಅವನಿಗೆ ಸಿಟ್ಟಿತ್ತೋ ಇಲ್ಲವೋ, ನಮಗೆ ಕಂಡಿದ್ದು ಅವನ ತಮಾಷೆ ಮಾತ್ರ. "ಸಾ, ನಿಮ್ ಟೇಬಲ್ ಐತಲ್ಲ, ಅಲ್ಲೇ ನಮ್ಮಜ್ಜಿ ಕುಂತ್ಕಂಡು ಅವರೆಕಾಯಿ ಬುಡುಸ್ತಿದ್ದದ್ದು. ಒಸಿ ಮರ್ಯಾದೆ ಕೊಟ್ಟು ಕುಂತ್ಕಳಿ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಅವನು ನನಗೆ ಇಷ್ಟವಾಗುತ್ತಿದ್ದ. ಇದನ್ನು ಹೇಳಿಕೊಂಡರೆ ನನ್ನ ತಪ್ಪು ಇನ್ನಷ್ಟು ಭಾರವಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಗೊತ್ತು.

ಆ ವರ್ಷ ನಮಗೊಂದು ಆರ್ಡರ್ ಬಂತು. ನಕ್ಷೆಯ ಮೇಲೆ ಹೆಸರಿಲ್ಲ, ಬರೀ ಒಂದು ನಂಬರು. ಅಂಗೈಯಲ್ಲಿ ಹಿಡಿಸುವ ಉಕ್ಕಿನ ತುಂಡು, ನಡುವೆ ತೂತು. ನಾವು ಅದಕ್ಕೆ 'ಒರಳು' ಎಂದು ಹೆಸರಿಟ್ಟೆವು. ಆ ಒರಳಿನೊಳಗೆ ಒಂದು ಸಣ್ಣ ಕಡ್ಡಿ ಹಿಂದೆ ಮುಂದೆ ಓಡಾಡಬೇಕು. ಅದು ಎಷ್ಟು ಸಲೀಸಾಗಿ ಓಡಾಡುತ್ತದೆ ಎಂಬುದರ ಮೇಲೆ ಇಂಧನ ಹೋಗುವುದೋ ನಿಲ್ಲುವುದೋ ತೀರ್ಮಾನವಾಗುತ್ತದಂತೆ. ಇದು ಯಾವುದಕ್ಕೆ ಎಂದು ಯಾರೂ ಕೇಳಬಾರದು ಎಂದಿದ್ದರು. ಆದರೆ ಕೆಲಸದವರ ಪೊಲೀಸ್ ವಿಚಾರಣೆ ಆಗಿತ್ತು, ಗೇಟಿನಲ್ಲಿ ಹೊಸದಾಗಿ ಪಾಸು ಬಂದಿತ್ತು. ಸಾವಿರಾರು ಮೈಲಿ ಅಲ್ಲದಿದ್ದರೂ ಗಡಿ ದಾಟಿ ಬಹಳ ದೂರ ಹಾರುವ ಕ್ಷಿಪಣಿಯೊಂದು ತಯಾರಾಗುತ್ತಿದೆ, ಒರಳು ಅದರ ಹೊಟ್ಟೆಯೊಳಗಿನದು — ಇಷ್ಟು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇನ್ನು ಆ ರಿಂಗಿನ ವಿಷಯ. ಮಾಸ್ಟರ್ ರಿಂಗ್ ಎಂದರೆ ಬೇಕಾದ ಅಳತೆಯ ತೂತು ಇರುವ ದಪ್ಪ ಉಕ್ಕಿನ ಬಳೆ. ಪ್ರತಿ ಬೆಳಿಗ್ಗೆ ಅಳತೆಯ ಡಯಲ್ಲನ್ನು ಅದರೊಳಗೆ ಇಳಿಸಿ, ಮುಳ್ಳನ್ನು ಸೊನ್ನೆಗೆ ತಂದು, ಟರ್ನರ್ ಕೈಗೆ ಕೊಡುವುದು ನನ್ನ ಕೆಲಸ. ಅವನು ತಾನು ಕೊರೆದ ತೂತಿಗೆ ಅದೇ ಡಯಲ್ ಇಳಿಸುತ್ತಾನೆ. ಮುಳ್ಳು ಸೊನ್ನೆಗೆ ಬಂದರೆ ತೂತು ರಿಂಗಿನಷ್ಟೇ ಇದೆ ಎಂದರ್ಥ. ರಿಂಗ್ ಹೇಳಿದ್ದೇ ಸತ್ಯ. ಅದನ್ನು ಪೆಟ್ಟಿಗೆಯಿಂದ ಸುಮ್ಮನೆ ಹೊರಗೆ ತೆಗೆಯಬಾರದು, ಬರಿಗೈಯಲ್ಲಿ ಮುಟ್ಟಬಾರದು ಎಂದು ರಂಗನಾಥಯ್ಯನವರು ನೂರು ಸಲ ಹೇಳಿದ್ದರು.

ಆ ವರ್ಷದ ಆಯುಧಪೂಜೆ ಬಂದಾಗ ಒರಳಿನ ಆರ್ಡರ್ ಅರ್ಧ ಮುಗಿದಿತ್ತು. ನಾಲ್ಕು ಮಂತ್ರ ಬರುತ್ತದೆಂದು ಪ್ರತಿವರ್ಷ ನನ್ನ ಕೈಯಲ್ಲೇ ಪೂಜೆ ಮಾಡಿಸುತ್ತಿದ್ದರು. ಮಷಿನುಗಳನ್ನು ತೊಳೆದು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದು — ಪ್ರತಿ ಟರ್ನರನೂ ತನ್ನ ಲೇಥಿನ ಮುಂದೆ ಕೈಮುಗಿದು ನಿಂತಿದ್ದ. ಅವರೆಲ್ಲರಿಗೂ ಒಂದೊಂದು ಆಯುಧವಿತ್ತು. ನನ್ನದು? ನನ್ನ ಆಯುಧ ಗಾಜಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿತ್ತು.

ಒಳಗೆ ಹೋಗಿ ರಿಂಗ್ ತಂದೆ. ಯಾರೂ ಹೇಳಿರಲಿಲ್ಲ. ದೇಶಕ್ಕಾಗಿ ಅಳೆಯುವ ರಿಂಗು, ಪೂಜೆ ಇಲ್ಲದೆ ಇರಬಾರದು ಎನ್ನಿಸಿತು — ಅಥವಾ ಎಲ್ಲರ ಎದುರಿಗೆ ನನ್ನದೂ ಒಂದು ಕಾಣಲಿ ಎನ್ನಿಸಿತೋ. ಅದರ ಮುಖದ ಮೇಲೆ ಒಂದು ಗುರುತಿನ ಗೆರೆ ಕೊರೆದಿರುತ್ತದೆ. ಅದೇ ಹಣೆ ಎಂದುಕೊಂಡು, ಗಂಧದಲ್ಲಿ ಕಲಸಿದ ಕುಂಕುಮವನ್ನು ಅನಾಮಿಕ ಬೆರಳಿನಿಂದ ಆ ಗೆರೆಯ ಮೇಲೆ ಇಟ್ಟೆ. ಬೆರಳು ಹಾಗೆಯೇ ಒಳಕ್ಕೆ ಜಾರಿತು. ತೂತಿನೊಳಗೆ ಒಂದು ಸೇವಂತಿಗೆ ಸಿಕ್ಕಿಸಿದೆ. ಚೆನ್ನಾಗಿ ಕಾಣಿಸುತ್ತಿತ್ತು. ಮುನಿರಾಜು ದೂರದಿಂದಲೇ, "ಸಾ ಬಳೆಗೆ ಊವ ಮುಡ್ಸವ್ರೆ" ಎಂದ. ಎಲ್ಲರೂ ನಕ್ಕರು.

ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಹೂ ತೆಗೆದು, ರಿಂಗಿನ ಹೊರಮೈ ಒರೆಸಿದೆ. ಒಳಗೂ ಬಟ್ಟೆ ಆಡಿಸಿದೆ — ಮೆಲ್ಲಗೆ. ಪೂಜೆಯ ಕುಂಕುಮವನ್ನು ಪೆಟ್ರೋಲ್ ಹಾಕಿ ತಿಕ್ಕಲು ಮನಸ್ಸು ಬರಲಿಲ್ಲ. ಇಷ್ಟೇ. ಇಡೀ ಕಥೆ ಇಷ್ಟೇ. ಒಣಗಿದ ಗಂಧದ ಒಂದು ತೆಳು ಪೊರೆ ಒಳಗೆ ಉಳಿದುಬಿಟ್ಟಿತು, ಈರುಳ್ಳಿ ಸಿಪ್ಪೆಗಿಂತಲೂ ತೆಳು. ಡಯಲ್ಲನ್ನು ಎರಡು ದಿಕ್ಕಿನಲ್ಲಿ ಇಳಿಸಿ ನೋಡಬೇಕು ಎಂಬುದು ನಿಯಮ. ನಾನು ಗುರುತಿನ ಗೆರೆಗೆ ನೇರವಾಗಿ ಒಂದೇ ಸಲ ಇಳಿಸುತ್ತಿದ್ದೆ, ಅದು ನನ್ನ ರೂಢಿ. ಡಯಲ್ಲಿನ ಮೊನೆ ಸರಿಯಾಗಿ ಆ ಪೊರೆಯ ಮೇಲೆಯೇ ಕೂತಿತು. ಅಲ್ಲಿ ರಿಂಗಿನ ತೂತು ಇರುವುದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿತ್ತು. ಅದನ್ನೇ ಸರಿಯಾದ ಅಳತೆಯೆಂದು ನಂಬಿ ನಾನು ಮುಳ್ಳನ್ನು ಸೊನ್ನೆಗೆ ತಂದೆ. ಮುನಿರಾಜು ಅದನ್ನು ನಂಬಿ ಕೊರೆದ.

ಅವನು ಸುಮ್ಮನೆ ನಂಬಲಿಲ್ಲ — ಇದನ್ನೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಮೊದಲ ತುಂಡು ಕೊರೆದವನೇ ಡಯಲ್ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದ. ಲೇಥಿನ ಹಿಡಿಕೆಯ ಸುತ್ತ ಗೆರೆಗಳಿರುತ್ತವೆ. ಉಳಿ ಎಷ್ಟು ಸರಿಯಿತೆಂದು ಆ ಗೆರೆ ಎಣಿಸಿ ತಿಳಿಯುತ್ತಾರೆ.

"ಸಾ, ಅಬ್ಬಕ್ಕೆ ಮುಂಚೆ ಮಾಡಿದ್ನಲ್ಲ, ಅದ್ಕಿಂತ ಎಲ್ಡು ಗೆರೆ ಮೊದ್ಲೇ ಸೈಜು ಬಂದ್ಬುಡ್ತು. ಒಸಿ ನಿಮ್ ರಿಂಗ್ ನೋಡಿ ಸಾ."

ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಮಾಸ್ಟರ್ ರಿಂಗು ಸುಳ್ಳು ಹೇಳುತ್ತೇನಯ್ಯಾ? ನಿನ್ನ ಮಷಿನ್ನೇ ಹಳೇದು. ಹೋಗು, ಕೆಲಸ ನೋಡು."

"ಮಿಷಿನ್ ನಂಗೆ ಗೊತ್ತು ಸಾ. ಎಲ್ಡು ಗೆರೆ —"

"ಮುನಿರಾಜು, ಅಳೆಯೋನು ನೀನೋ ನಾನೋ?"

ಅವನು ಡಯಲ್ ಹಿಡಿದು ಲೇಥಿನ ಕಡೆ ಹೋದ. ಹಬ್ಬದ ಮೇಲೆ ಮಾಡಿದ ಅಷ್ಟೂ ಒರಳುಗಳನ್ನು ನಾನು ಅದೇ ಡಯಲ್ಲಿನಲ್ಲಿ ಅಳೆದು, ಅದೇ ಸೊನ್ನೆ ಕಂಡು, ಸಹಿ ಹಾಕಿದೆ. ತುಂಡುಗಳು ಹೋದವು. ಒರಳಿಗೆ ಮಾತ್ರ ಬಳಸುತ್ತಿದ್ದ ಆ ರಿಂಗು ಮತ್ತೆ ಪೆಟ್ಟಿಗೆ ಸೇರಿತು.

ಕೆಲವು ತಿಂಗಳಾದ ಮೇಲೆ ಸುದ್ದಿ ಬಂತು. ಕ್ಷಿಪಣಿಯ ಎಂಜಿನ್ನನ್ನು ನೆಲಕ್ಕೆ ಕಟ್ಟಿಹಾಕಿ ಉರಿಸಿ ನೋಡುವಾಗ ಒಂದು ಒರಳಿನೊಳಗೆ ಕಡ್ಡಿ ಸಿಕ್ಕಿಹಾಕಿಕೊಂಡಿತ್ತು. ತಣ್ಣಗಿದ್ದಾಗ ಓಡಾಡಿದ್ದು, ಬಿಸಿಯಾಗುತ್ತಲೇ ಬಿಗಿದು ನಿಂತಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೆ ಎಷ್ಟೋ ಜನರ ಎಷ್ಟೋ ತಿಂಗಳ ಕೆಲಸ ಸುಟ್ಟುಹೋಯಿತು. ಉಳಿದ ಒರಳುಗಳನ್ನು ಅಳೆದು ನೋಡಿದರೆ, ಹಬ್ಬಕ್ಕೆ ಮೊದಲು ಮಾಡಿದವು ಸರಿಯಾಗಿವೆ, ಹಬ್ಬದ ಮೇಲೆ ಮಾಡಿದವು ಎಲ್ಲವೂ ಬಿಗಿ. ವಿಚಾರಣೆಗೆ ಬರುತ್ತೇವೆ ಎಂದು ಕಾಗದ ಬಂತು.

ಹಬ್ಬ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ನನಗೆ ಗೊತ್ತಾಗಿಹೋಯಿತು. ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆರೆದೆ. ರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗುರುತಿನ ಗೆರೆಯ ಕೆಳಗೆ, ಒಳಗಡೆ, ಉಗುರಿನಗಲ ಕೆಂಪು. ಅದಕ್ಕೆ ಅಂಟಿಕೊಂಡು ಸೇವಂತಿಗೆಯ ಒಂದು ಎಳೆ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ರಿಂಗನ್ನು ಹಾಗೆಯೇ ರಂಗನಾಥಯ್ಯನವರ ಮೇಜಿನ ಮೇಲಿಡುವುದು ಒಂದು. ಇನ್ನೊಂದು — ನಾನು ಮಾಡಿದ್ದು. ಹತ್ತಿಯನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕಿದೆ. ಹಬ್ಬದ ಮರುದಿನ ಯಾವ ಕೈಗೆ ಮನಸ್ಸು ಬರಲಿಲ್ಲವೋ ಅದೇ ಕೈ ಈಗ ಫಳಫಳ ಹೊಳೆಯುವ ತನಕ ತಿಕ್ಕಿತು. ಕೆಂಪಾದ ಹತ್ತಿಯನ್ನು ಕಬ್ಬಿಣದ ಚೂರುಗಳ ಡ್ರಮ್ಮಿಗೆ ಎಸೆದು ಕೈ ತೊಳೆದುಕೊಂಡೆ.

ಯಾಕೆ ಎಂದು ಕೇಳಿದರೆ ಕಾರಣವಿದೆ, ಅದು ಸಣ್ಣದು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಗೊತ್ತಾಗಿತ್ತು, ನೇಮಕದ ಆರ್ಡರ್ ಕೈಗೆ ಬರುವುದೊಂದೇ ಬಾಕಿ. ಕ್ವಾರ್ಟರ್ಸು, ಕಾರ್ಖಾನೆಯ ಬಸ್ಸು, ಪೆನ್ಷನ್ನು. ಹೆಂಡತಿ ಆಗಲೇ ಕ್ವಾರ್ಟರ್ಸಿನ ಅಡುಗೆಮನೆ ಎಷ್ಟು ಉದ್ದವಿದೆ ಎಂದು ಯಾರನ್ನೋ ಕೇಳಿಕೊಂಡು ಬಂದಿದ್ದಳು. ಇಂಥ ವಿಚಾರಣೆಯಲ್ಲಿ ನನ್ನ ಹೆಸರು ಬಂದರೆ ಅದೆಲ್ಲ ಹೋಗುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಒಬ್ಬ ಮನುಷ್ಯನನ್ನು ನಾನು ಎಷ್ಟಕ್ಕೆ ಬಿಟ್ಟುಕೊಟ್ಟೆ ಎಂದು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಇಬ್ಬರು ಅಧಿಕಾರಿಗಳು ಬಂದರು. ರಿಂಗ್ ಅಳೆದರು, ಸರಿಯಾಗಿತ್ತು. ಲೇಥ್ ನೋಡಿದರು, ಸರಿಯಾಗಿತ್ತು. ಉಳಿದದ್ದು ಡಯಲ್. ಅದು ಒಮ್ಮೆ ಕೆಳಗೆ ಬಿದ್ದರೆ, ಬೆಳಿಗ್ಗೆ ಎಷ್ಟು ಸರಿಯಾಗಿ ಇಟ್ಟುಕೊಟ್ಟರೂ ಸೊನ್ನೆ ಸರಿಯುತ್ತಲೇ ಇರುತ್ತದೆ. ಹಾಗಾಗಿ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು — ಆ ದಿನಗಳಲ್ಲಿ ಡಯಲ್ ಸೆಟ್ ಮಾಡಿದ್ದು ಯಾರು, ಆಮೇಲೆ ಅದು ಯಾರ ಬಳಿ ಇತ್ತು? ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಮುನಿರಾಜು ಗಾಜಿನ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟು: "ನಾನು ಕೊಟ್ಟಾಗ ಸರಿಯಾಗಿತ್ತು. ಆಮೇಲೆ ಅದು ಅವನ ಕೈಯಲ್ಲಿತ್ತು."

ಎರಡನೆಯ ಮಾತು ಸತ್ಯ. ಆ ಒಂದು ಸತ್ಯವನ್ನು ಹಿಡಿದುಕೊಂಡು ಎಷ್ಟೋ ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ — ನಾನು ಅವನ ಮೇಲೆ ಏನೂ ಹೊರಿಸಲಿಲ್ಲ, ಅವನು ಬೀಳಿಸಿದ ಎಂದು ನಾನು ಹೇಳಲಿಲ್ಲ, ಅವರೇ ಹಾಗೆ ಅಂದುಕೊಂಡರು... ಬರೀ ನೆಪದ ಮಾತು. ಅವರು ಹಾಗೆಯೇ ಅಂದುಕೊಳ್ಳಲಿ ಎಂದೇ ಆ ಮಾತನ್ನು ಹಾಗೆ ಜೋಡಿಸಿದ್ದು. ಅವನು ಎರಡು ಗೆರೆಯ ವಿಷಯ ನನಗೆ ಹೇಳಿದ್ದನ್ನು ನಾನು ಹೇಳಲೇ ಇಲ್ಲ. ಅವನೇ ಅಧಿಕಾರಿಗಳಿಗೆ ಹೇಳಿದನಂತೆ. ನನ್ನನ್ನು ಮತ್ತೆ ಕರೆದು ಕೇಳಿದರು. ನೆನಪಿಲ್ಲ ಎಂದೆ.

ಬರೀ ಕೈತಪ್ಪಿ ಬೀಳಿಸಿದ್ದು ಎಂದಾಗಿದ್ದರೆ ಬೈದು ಬಿಡುತ್ತಿದ್ದರೋ ಏನೋ. ಆದರೆ ಮುನಿರಾಜು ಅಪ್ಪನ ಜಮೀನಿನ ಕೇಸು ಹೊರಗೆ ಬಂತು. ಸರ್ಕಾರದ ಮೇಲೆ ಹಗೆ ಇರುವ ಮನೆಯವನು, ಬೇಕೆಂದೇ ಮಾಡಿರಬಹುದು ಎಂದರು. ಮೂರು ದಿನ ಅವನನ್ನು ಠಾಣೆಯಲ್ಲಿ ಕೂರಿಸಿದರು. ಬಿಟ್ಟ ಮೇಲೆ ಅವನು ವರ್ಕ್‌ಶಾಪಿಗೆ ತನ್ನ ಊಟದ ಡಬ್ಬಿ, ಚಪ್ಪಲಿ ತೆಗೆದುಕೊಂಡು ಹೋಗಲು ಮಾತ್ರ ಬಂದ. ಲೇಥಿನ ಹಿಡಿಕೆಯನ್ನು ಒಮ್ಮೆ ಒರೆಸಿದ. ಠಾಣೆಯಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ಆಮೇಲೆ ಪೀಣ್ಯದ ಯಾವ ಶೆಡ್ಡಿನವರೂ ಅವನನ್ನು ಸೇರಿಸಿಕೊಳ್ಳಲಿಲ್ಲ, ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ.

ನನಗೆ ಸರ್ಕಾರಿ ಕಾರ್ಖಾನೆಯ ಆರ್ಡರ್ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಆ ಕ್ಷಿಪಣಿ ಪೂರ್ವದ ಕಡಲ ತೀರದಿಂದ ಹಾರಿತು. ಪತ್ರಿಕೆಯಲ್ಲಿ ಬೆಂಕಿಯ ಬಾಲದ ಚಿತ್ರ. ಕಾರ್ಖಾನೆಯಲ್ಲಿ ಮೈಸೂರುಪಾಕ್ ಹಂಚಿದರು. ನಾನೂ ಒಂದು ಕಾಲದಲ್ಲಿ ಅದರ ಕೆಲಸ ಮಾಡಿದವನು ಎಂದು ಯಾರೋ ಹೇಳಿದ್ದಕ್ಕೆ ಎಲ್ಲರೂ ಕೈಕುಲುಕಿದರು. ಸಿಹಿ ತಿಂದೆ. ಗಂಟಲಲ್ಲಿ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿತ್ತು, ಇನ್ನೊಂದು ತುಂಡು ತೆಗೆದುಕೊಂಡೆ.

ಅದೇ ವರ್ಷ ರಾಜಗೋಪಾಲನಗರದಲ್ಲಿ ಪುಟ್ಟದೊಂದು ಮನೆ ಕಟ್ಟಿಸಿದೆ. ಕಿಟಕಿಗಳಿಗೆ ಗ್ರಿಲ್ ಕೂರಿಸಲು ಮೇಸ್ತ್ರಿ ಒಬ್ಬನನ್ನು ಕಳಿಸಿದ. ಬಾಗಿಲು ತೆರೆದರೆ ಮುನಿರಾಜು. ಕೂದಲು ನೆರೆತಿತ್ತು, ವೆಲ್ಡಿಂಗ್ ಬೆಳಕಿಗೆ ಕಣ್ಣು ಕೆಂಪಾಗಿದ್ದವು. ಕೂದಲೆಳೆಯನ್ನು ನಾಲ್ಕು ಭಾಗ ಮಾಡುವ ಕೈ ಈಗ ಕಬ್ಬಿಣದ ಸರಳು ಬಗ್ಗಿಸಿ ಕಿಟಕಿಗೆ ಹೂವಿನ ಆಕಾರ ಮಾಡುತ್ತಿತ್ತು.

"ಅಯ್ಯೋ, ಮೂರ್ತಿ ಸಾರು! ಚೆನ್ನಾಗಿದೀರಾ ಸಾ?" ಎಂದ. ಅವನ ಮುಖದಲ್ಲಿ ದ್ವೇಷ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕೆಲಸ ಮುಗಿದ ಮೇಲೆ ಹೊಸ ಮನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆವು. ಅವನೇ ಮಾತು ತೆಗೆದ.

"ಎಷ್ಟು ಯೋಚ್ನೆ ಮಾಡಿದ್ರೂ ಬಗೆ ಅರೀಲಿಲ್ಲ ಸಾ. ನಿಮ್ ರಿಂಗ್ ಸರಿಯಾಗೈತೆ ಅಂದ್ರು, ಮಿಷಿನ್ ಸರಿಯಾಗೈತೆ ಅಂದ್ರು. ಇನ್ನೇನು ಉಳೀತು? ನಾನೇ." ಲೋಟದೊಳಗೆ ನೋಡುತ್ತ ಹೇಳಿದ. "ಕೈಯಿಂದ ಬಿದ್ದಿರ್ಬೇಕು ಸಾ ಡಯಲ್ಲು. ಬಿದ್ದಂಗೆ ಈಗೀಗ ನೆಪ್ಪೂ ಬತ್ತದೆ. ನಮ್ಮಪ್ಪ ಸಾಯೋಗಂಟ ಕೇಳ್ತಿದ್ದ, ನೀ ಬೇಕಂತ ಮಾಡಿದ್ಯೇನ್ಲಾ ಅಂತ. ಇಲ್ಲ ಕಣಪ್ಪ, ಬಿದ್ದೋಯ್ತು ಅಂದೆ."

ಬೀಳದ ಡಯಲ್ಲು ಬಿದ್ದದ್ದು ಅವನಿಗೆ ನೆನಪಾಗುತ್ತಿತ್ತು. ಕೆಲಸ ಹೋದದ್ದು ಒಂದು ಕಡೆ ಇರಲಿ. ಇದು — ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆ. ಆಗ ಹೇಳಬಹುದಿತ್ತು. ಕುಂಕುಮ ಎಂಬ ಒಂದು ಶಬ್ದ ಸಾಕಿತ್ತು. ಬಾಯಿ ತೆರೆದೆ — "ಇನ್ನೊಂದು ಸ್ವಲ್ಪ ಕಾಫಿ ತಗೋ" ಎಂದೆ. ಮೊದಲ ತಪ್ಪು ಹೆದರಿಕೆಯಲ್ಲಿ ಆದದ್ದು ಎನ್ನಬಹುದೇನೋ. ಎರಡನೆಯದಕ್ಕೆ ಹೆಸರೇ ಇಲ್ಲ.

ಆಮೇಲೆ ನಿವೃತ್ತಿಯಾಯಿತು, ಹೆಂಡತಿ ತೀರಿಕೊಂಡಳು. ಅವನು ಕೂರಿಸಿದ ಗ್ರಿಲ್ಲುಗಳು ಇನ್ನೂ ಇವೆ. ಪ್ರತಿ ಬೆಳಿಗ್ಗೆ ಅವುಗಳ ನೆರಳು ನನ್ನ ಹಾಸಿಗೆಯ ಮೇಲೆ ಬೀಳುತ್ತದೆ. ಒಂದು ದಿನ ಸುಮ್ಮನೆ ಟೇಪು ಹಿಡಿದು ಅಳೆದೆ. ಎಲ್ಲ ಹೂಗಳೂ ಒಂದೇ ಅಳತೆ, ಒಂದರಲ್ಲೂ ವ್ಯತ್ಯಾಸವಿಲ್ಲ. ಕಿಟಕಿಯ ಗ್ರಿಲ್ಲಿಗೆ ಅಷ್ಟು ಯಾರೂ ಕೇಳುವುದಿಲ್ಲ.

ಹೋದ ವಾರ ಅವನ ಅಂಗಡಿಗೆ ಹೋದೆ. ಗ್ರಿಲ್ ಕೆಲಸವನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ. ಮುನಿರಾಜು ಹೊರಗೆ ಕುರ್ಚಿಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿವೆ, ದನಿಯಿಂದ ನನ್ನನ್ನು ಗುರುತಿಸಿದ. ಮನೆಯಿಂದ ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬರಲಿಲ್ಲ. ಆಯುಧಪೂಜೆ, ರಿಂಗು, ಸೇವಂತಿಗೆ, ಕುಂಕುಮ, ಪೆಟ್ರೋಲು, ಇಂಗ್ಲಿಷಿನಲ್ಲಿ ನಾನು ಹೇಳಿದ ಆ ಎರಡು ಮಾತು — ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಒಳಗೆ ಅಳಿಯ ಸರಳು ಕೊಯ್ಯುತ್ತಿದ್ದ. ಆ ಸದ್ದು ನಿಂತ ಮೇಲೆ ಮುನಿರಾಜು ಕೇಳಿದ:

"ಎಲ್ಡು ಗೆರೆ. ಅಲ್ವಾ ಸಾ?"

"ಎರಡು ಗೆರೆ" ಎಂದೆ.

"ಯೋಳಿದ್ನಲ್ಲಾ ಸಾ ನಾನು."

ಇಷ್ಟೇ. ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ, ನಾನು ಕೇಳಲೂ ಇಲ್ಲ. ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು, ಮಂಜುಗಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೆಂಡತಿಯನ್ನು ಕೂಗಿದ. "ಗೌರೀ, ಬಾ ಇಲ್ಲಿ. ಸಾರು ಏನೋ ಯೋಳ್ತವ್ರೆ, ಕೇಳು." ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಯೋಳಿ ಸಾ" ಎಂದ. ಹೇಳಿದೆ. ಗೌರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. ನನಗೆ ನೀರು ಕೂಡ ಕೊಡಲಿಲ್ಲ, ಅದು ಸರಿಯೇ.

ಹೊರಡುವಾಗ ಅವನು ಹೇಳಿದ್ದು: "ಬರ್ದುಕೊಡಿ ಸಾ ಇದ್ನ. ಕನ್ನಡದಾಗೆ ಬರೀರಿ. ಮೊಮ್ಮಗಳು ಓದ್ತಾಳೆ, ನಾ ಕೇಳ್ತೀನಿ."

ಅದಕ್ಕೇ ಬರೆದೆ. ನಾಳೆ ಬೆಳಿಗ್ಗೆ ನಾನೇ ತೆಗೆದುಕೊಂಡು ಹೋಗಿ ಆ ಹುಡುಗಿಯ ಕೈಗೆ ಕೊಡುತ್ತೇನೆ, ಅವಳು ಓದಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ. ಮಗೂ, ಈ ಕೊನೆಯ ಸಾಲನ್ನು ನಿಮ್ಮ ತಾತನಿಗೆ ಸ್ವಲ್ಪ ಗಟ್ಟಿಯಾಗಿ ಓದಿ ಹೇಳು: ಡಯಲ್ ಅವನ ಕೈಯಿಂದ ಬೀಳಲೇ ಇಲ್ಲ.